ಪೈಗಳ ಊರು

ವಡಾಲದ ರಾಮಮಂದಿರದ ಗಣೇಶೋತ್ಸವದಲ್ಲಿ ‘ಪೈಯವರೇ’ ಎಂದು ಕರೆದರೆ ಹತ್ತು ಜನ ತಿರುಗಿ ನೋಡುತ್ತಾರೆ. ಅವರೆಲ್ಲ ಒಂದೇ ಮನೆತನದವರಲ್ಲ; ಗುರುತು ಹಿಡಿಯಲು ಹೆಸರಿನ ಹಿಂದಿನ ಊರು ಬೇಕು.

1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಸ್ಥಾಪಿಸಿದವರು ಅಮ್ಮೆಂಬಳ ಸುಬ್ಬರಾವ್ ಪೈ. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಕಟ್ಟಿದ ಮೂವರಲ್ಲಿ ತೋನ್ಸೆ ಮಾಧವ ಅನಂತ ಪೈ ಒಬ್ಬರು. 1953ರಲ್ಲಿ ಮಣಿಪಾಲದ ವೈದ್ಯಕೀಯ ಕಾಲೇಜು ತೆರೆದವರೂ ಅವರೇ. 1967ರಲ್ಲಿ ಮುಂಬೈಯಲ್ಲಿ ‘ಅಮರ ಚಿತ್ರ ಕಥಾ’ ಶುರುಮಾಡಿದ ಅನಂತ ಪೈ ಬೇರೆ, ಕಾರ್ಕಳದವರು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಯಿತು. ಅಮ್ಮೆಂಬಳ, ತೋನ್ಸೆ ಎಂಬ ಊರುಗಳನ್ನು ಬಿಟ್ಟರೆ ಇದು ಒಂದೇ ಮನೆಯ ಆಸ್ತಿ ಕೂಡಿಸಿದಂತೆ ಕಂಡೀತು.

ಇಲ್ಲಿನ ಅರ್ಜಿಗಳಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರಿಗೆ ಜಾಗವಿದೆ, ಮನೆತನದ ಊರಿಗಿಲ್ಲ. ಮಗಳಿಗೆ ನಮ್ಮ ಊರಿನ ಹೆಸರನ್ನು ನಾನು ಬಾಯಲ್ಲೇ ಕಲಿಸುತ್ತಿದ್ದೇನೆ.