ಬಾಳೆಎಲೆಯ ಬೆನ್ನು: ವಯನಾಡಿನ ಇಸ್ತ್ರಿಪೆಟ್ಟಿಗೆಗೆ ಮೇಣ ಹಚ್ಚಿದ ಬಗೆ

(ವಿಭಾಗದ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಧ್ವನಿ ಕೇಳಿಸ್ತಿದೆ ಅಂದುಕೊಳ್ತೇನೆ. ಪರದೆ ಮೇಲೆ ಈಗ ಕಾಣ್ತಿರೋದು ನಮ್ಮ ಅಜ್ಜಿಯ ಮನೆಯ ಇಸ್ತ್ರಿಪೆಟ್ಟಿಗೆ. ಎರಕದ ಕಬ್ಬಿಣದ್ದು. ಮರದ ಹಿಡಿ, ಪಕ್ಕದಲ್ಲಿ ಗಾಳಿಯಾಡಲು ತೂತುಗಳು, ಮೇಲೆ ಕೊಂಡಿ ಹಾಕುವ ಮುಚ್ಚಳ, ಒಳಗೆ ಕೆಂಡ. ಮನೆ ಇರೋದು ಸುಲ್ತಾನ್ ಬತ್ತೇರಿ ತಾಲೂಕಿನಲ್ಲಿ, ಕಬಿನಿಯ ದಂಡೆ ಹತ್ತಿರ. ದೋಣಿಯಲ್ಲಿ ಹೊಳೆ ದಾಟಿದರೆ ಬೈರಕುಪ್ಪೆ, ಅಂದರೆ ಎಚ್.ಡಿ. ಕೋಟೆ ತಾಲೂಕು, ಅಂದರೆ ಕರ್ನಾಟಕ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮಲಯಾಳ.

ಎರಡನೇ ಚಿತ್ರ ಅದೇ ಪೆಟ್ಟಿಗೆಯ ಅಡಿಭಾಗ. ಮೈಯೆಲ್ಲ ತುಕ್ಕು ಹಿಡಿದಿದೆ, ಅಡಿ ಮಾತ್ರ ಇವತ್ತಿಗೂ ನುಣುಪು. ಜೂನ್‌ನಲ್ಲಿ ಶುರುವಾದ ಮಳೆ ತಿಂಗಳುಗಟ್ಟಲೆ ಬಿಡದ ಊರಿನಲ್ಲಿ, ವಾರಕ್ಕೊಮ್ಮೆ ಹೊರಗೆ ಬರುವ ಕಬ್ಬಿಣದ ಅಡಿ ಹೀಗೆ ಉಳಿಯಬೇಕಾದರೆ ಯಾರೋ ಅದಕ್ಕೆ ಏನೋ ಮಾಡಿರಬೇಕು. ಏನು ಮಾಡುತ್ತಿದ್ದರು ಅನ್ನೋದೇ ಈ ಪ್ರಬಂಧದ ಪ್ರಶ್ನೆ. ಅದಕ್ಕೆ ನಾನು ಮೊದಲು ಬರೆದುಕೊಂಡ ಉತ್ತರ ತಪ್ಪಾಗಿತ್ತು. ಆ ಕತೆಯನ್ನೂ ಹೇಳ್ತೇನೆ.

ಮೊದಲು ಹಿನ್ನೆಲೆ. ಹಳೆಯ ಇಸ್ತ್ರಿಪೆಟ್ಟಿಗೆಗೆ ಎರಡು ಶತ್ರುಗಳು, ತುಕ್ಕು ಮತ್ತು ಗಂಜಿ. ಗಂಜಿ ಹಾಕಿದ ಬಟ್ಟೆಯ ಮೇಲೆ ಕಾದ ಲೋಹ ಎಳೆದಾಗ ಗಂಜಿ ಅಡಿಗೆ ಅಂಟಿ, ಸುಟ್ಟು, ಕಂದು ಪದರವಾಗುತ್ತೆ. ಮುಂದಿನ ಬಟ್ಟೆ ಅದಕ್ಕೆ ಸಿಕ್ಕಿಕೊಳ್ಳುತ್ತೆ, ಕಲೆಯಾಗುತ್ತೆ, ಅಂಚು ಸೀಯುತ್ತೆ. ಯುರೋಪ್, ಅಮೆರಿಕಗಳಲ್ಲಿ ಇದಕ್ಕೆ ಪರಿಹಾರ ಜೇನುಮೇಣ. ಮೇಣದ ಉಂಡೆಯನ್ನು ಬಟ್ಟೆ ಚೂರಿನಲ್ಲಿ ಕಟ್ಟಿ, ಕಾದ ಅಡಿಗೆ ಒಮ್ಮೆ ಉಜ್ಜಿ, ಹೆಚ್ಚಾದ ಮೇಣ ಹೋಗೋ ಹಾಗೆ ಒರೆಸೋದು. ಅಡಿ ತೀರಾ ಒರಟಾಗಿದ್ದರೆ ಮೊದಲು ಉಪ್ಪಿನ ಮೇಲೆ ತಿಕ್ಕಬೇಕು. ಅಯೋವಾ ರಾಜ್ಯದ ಮೇರಿ ಫ್ಲಾರೆನ್ಸ್ ಪಾಟ್ಸ್ 1871ರಲ್ಲಿ ಕಳಚಿ ಹಾಕಬಹುದಾದ ಹಿಡಿಯ ಇಸ್ತ್ರಿಗೆ ಪೇಟೆಂಟ್ ಪಡೆದಳು. ಆ ಕಾಲಕ್ಕೆ ಇಸ್ತ್ರಿಯ ಸುತ್ತ ದೊಡ್ಡ ಮಾರುಕಟ್ಟೆಯೇ ಬೆಳೆಯಿತು. ಮೇಣ ತುಂಬಿದ ಪ್ಯಾಡು, ಹಿಡಿ ಇರುವ ಮೇಣದ ತುಂಡು, ಹೀಗೆ ಹಚ್ಚುವ ಸಾಧನವೂ ಅಂಗಡಿಯ ಸರಕಾಯಿತು. ಪ್ಯಾರಫಿನ್ ಅಗ್ಗವಾದ ಮೇಲೆ ಜೇನುಮೇಣ ಹಿಂದೆ ಸರಿಯಿತು. ನಮ್ಮಲ್ಲೂ ಹಾಗೇ ಆಯ್ತು: ಅಸ್ಸಾಮಿನ ಡಿಗ್ಬಾಯ್ ಸಂಸ್ಕರಣಾಗಾರ 1901ರಲ್ಲಿ ಶುರುವಾಯಿತು, ಅಲ್ಲಿನ ಉತ್ಪನ್ನಗಳಲ್ಲಿ ಪ್ಯಾರಫಿನ್ ಮೇಣವೂ ಒಂದು. ಇವತ್ತು ನಾವು ಮೇಣದಬತ್ತಿ ಅಂತ ಕರೆಯೋದರಲ್ಲಿ ಜೇನಿನ ಮೇಣ ಸಾಮಾನ್ಯವಾಗಿ ಇರೋದೇ ಇಲ್ಲ, ಹೆಸರು ಮಾತ್ರ ಉಳಿದಿದೆ.

ಇದನ್ನೆಲ್ಲ ಓದಿಕೊಂಡು ನಾನು ವಯನಾಡಿಗೆ ಹೋದೆ. ತಲೆಯಲ್ಲಿ ಒಂದು ಸುಂದರವಾದ ಊಹೆ ಇತ್ತು. ವಯನಾಡು ಅಂದರೆ ಜೇನಿನ ನಾಡು. ಅಲ್ಲಿನ ಕಾಟ್ಟುನಾಯಕರನ್ನು ತೇನ್ ಕುರುಮರ್ ಅಂತಲೂ ಕರೀತಾರೆ. ಹೊಳೆಯ ಈಚೆ ನಾವು ಜೇನುಕುರುಬರು ಅನ್ನುವ ಹೆಸರಿಗೂ ಅದಕ್ಕೂ ಅರ್ಥ ಒಂದೇ, ಅವರ ಮಾತೂ ಕನ್ನಡಕ್ಕೆ ಹತ್ತಿರ. ಮಳೆಗೆ ಮುಂಚಿನ ತಿಂಗಳುಗಳಲ್ಲಿ ಎತ್ತರದ ಮರಗಳಿಗೆ ರಾತ್ರಿ ಹತ್ತಿ, ಹೊಗೆ ಹಾಕಿ, ಹೆಜ್ಜೇನಿನ ತಟ್ಟಿ ಇಳಿಸ್ತಾರೆ. ಜೇನು ಹಿಂಡಿದ ಮೇಲೆ ಉಳಿದ ತಟ್ಟಿಯನ್ನು ನೀರಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿದರೆ, ಆರಿದ ನೀರಿನ ಮೇಲೆ ಮೇಣ ಬಿಲ್ಲೆಯಾಗಿ ನಿಲ್ಲುತ್ತೆ. ಹಾಗಾದರೆ ಕಾಡಿನ ಮೇಣ ಊರಿನ ಇಸ್ತ್ರಿಪೆಟ್ಟಿಗೆಗೆ ಬಂದಿರಬೇಕು ಅಲ್ವಾ? ಪ್ರಬಂಧದ ಶೀರ್ಷಿಕೆ ಕೂಡ ಮೊದಲೇ ಇಟ್ಟುಕೊಂಡಿದ್ದೆ.

ಆದರೆ ಮೇಣದ ದಾರಿ ಬೇರೆ. ಕಾನೂನಿನ ಕಣ್ಣಿಗೆ ಅದು ಅರಣ್ಯ ಉತ್ಪನ್ನ. 1927ರ ಭಾರತೀಯ ಅರಣ್ಯ ಕಾಯ್ದೆ ಕಾಡಿನ ಜೇನು, ಮೇಣಗಳನ್ನು ಚರ್ಮ, ದಂತ, ಕೊಂಬು, ಮೂಳೆಗಳ ಜೊತೆ ಒಂದೇ ಸಾಲಿನಲ್ಲಿ, ಪ್ರಾಣಿಜನ್ಯ ವಸ್ತುವಾಗಿ ಹೆಸರಿಸುತ್ತೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅದೇ ಜೇನು, ಅದೇ ಮೇಣ ಸಸ್ಯಮೂಲದ ಕಿರು ಉತ್ಪನ್ನಗಳ ಪಟ್ಟಿಯಲ್ಲಿ ಕಾಣಿಸ್ಕೊಳ್ಳುತ್ತೆ. 79 ವರ್ಷದಲ್ಲಿ ಜೇನುಹುಳ ಗಿಡವಾಗಿಬಿಟ್ಟಿತು ಅಂತ ನಗಬಹುದು. ಆದರೆ ನಡುವಿನ ಬದಲಾವಣೆ ದೊಡ್ಡದು: ಮೊದಲನೆಯದರಲ್ಲಿ ಮೇಣ ಸರ್ಕಾರ ನಿಯಂತ್ರಿಸುವ ಸರಕು, ಎರಡನೆಯದರಲ್ಲಿ ಅದರ ಒಡೆತನ ಕೂಡಿಸಿದವರ ಹಕ್ಕು. (ಬ್ರಿಟಿಷರ ಕಾಲದ ವಯನಾಡು ಮಲಬಾರ್ ಜಿಲ್ಲೆಯ ಭಾಗ, ಅಲ್ಲಿಗೆ ಅನ್ವಯಿಸುತ್ತಿದ್ದದ್ದು 1882ರ ಮದ್ರಾಸ್ ಅರಣ್ಯ ಕಾಯ್ದೆ. 1927ರದನ್ನು ಇಲ್ಲಿ ಹೋಲಿಕೆಗೆ ಮಾತ್ರ ತಂದಿದ್ದೇನೆ.) ಮೇಣ ತೂಕಕ್ಕೆ ಮಾರಾಟವಾಗಿ ಕಾಡಿನಿಂದ ಹೊರಗೆ ಹೋಗುವ ಮಾಲು. ಮೇಣಕ್ಕಾಗಿ ಮರ ಹತ್ತಿದವನ ಮೈಮೇಲೆ ಇಸ್ತ್ರಿ ಮಾಡಿದ ಅಂಗಿ ಇರಲಿಲ್ಲ, ಇಸ್ತ್ರಿ ಇದ್ದ ಮನೆಯವರಿಗೆ ಮೇಣ ಕೊಳ್ಳುವ ಅಗತ್ಯ ಕಾಣಲಿಲ್ಲ. ಯಾಕೆ ಅಂತ ಈಗ ಬರ್ತೇನೆ.

ಅದಕ್ಕೂ ಮೊದಲು ಇಸ್ತ್ರಿ ಯಾರಿಗೆ ಬೇಕಿತ್ತು ಅನ್ನೋದನ್ನ ಸ್ವಲ್ಪ ನೋಡಬೇಕು. ಹಳೆಯ ಮಲಬಾರಿನಲ್ಲಿ ಒಗೆದ ಬಟ್ಟೆಯ ಬೆಲೆ ಇದ್ದದ್ದು ಶುದ್ಧಿಯಲ್ಲಿ. ಹೆರಿಗೆ, ಋತು, ಸಾವು, ಈ ಮೈಲಿಗೆಗಳು ಕಳೀಬೇಕಾದರೆ ವಣ್ಣಾತ್ತಿ, ಅಂದರೆ ಅಗಸಗಿತ್ತಿ, ತಂದುಕೊಟ್ಟ ಬಟ್ಟೆ ಉಡಬೇಕು. ಅದಕ್ಕೆ ಮಾಟ್ಟು ಅಂತ ಹೆಸರು. ನಮ್ಮ ಮಡಿ ಮತ್ತು ಮಡಿವಾಳರ ನಂಟನ್ನು ನೆನಪಿಸ್ಕೊಳ್ಳಿ, ತಕ್ಷಣ ಅರ್ಥವಾಗುತ್ತೆ. ಮಾಟ್ಟಿನ ಬಟ್ಟೆ ಸುಕ್ಕಿಲ್ಲದೆ ಇರಬೇಕು ಅಂತ ಯಾರೂ ಕೇಳಲಿಲ್ಲ. ಸುಕ್ಕು ಒಂದು ದೋಷ ಅನ್ನಿಸಿಕೊಂಡದ್ದು ಹೊಲಿದ ಬಟ್ಟೆ ಬಂದ ಮೇಲೆ: ಕಾಫಿ, ಆಮೇಲೆ ಚಹಾ ತೋಟಗಳ ಬಂಗಲೆ, ಕಚೇರಿ, ಶಾಲೆ, ಚರ್ಚು. 1940ರ ದಶಕದಲ್ಲಿ ತಿರುವಾಂಕೂರಿನಿಂದ ವಲಸೆ ಹೆಚ್ಚಿದಾಗ ಕ್ರೈಸ್ತ ಹೆಂಗಸರ ಚಟ್ಟ ಮತ್ತು ಮುಂಡು ಕೂಡ ವಯನಾಡಿಗೆ ಬಂತು. ಬಿಳಿ ಮುಂಡಿನ ಹಿಂಭಾಗದಲ್ಲಿ ಬೀಸಣಿಗೆ ಹಾಗೆ ನಿಲ್ಲುವ ನೆರಿಗೆ, ಅದಕ್ಕೆ ಞೊರಿ ಅಂತಾರೆ. ಗಂಜಿ ಇಲ್ಲದೆ ಅದು ನಿಲ್ಲಲ್ಲ. ಗಂಜಿ ಬಂದ ಕಡೆ ಅಡಿ ಹಿಡಿಯೋ ಕಷ್ಟವೂ ಬರುತ್ತೆ. ಆ ಮನೆಗಳಲ್ಲಿ ಮೊಂಬತ್ತಿಯ ಮೋಟು ಇಸ್ತ್ರಿಗೆ ಉಜ್ಜುತ್ತಿದ್ದರು ಅಂತ ನನಗೆ ಹೇಳಿದವರಿದ್ದಾರೆ. ಅದು ಸುಲಭವಾಗಿ ನಂಬಬಹುದಾದ ಮಾತು. ಖಾದಿಯ ಬಿಳಿ ಅಂಗಿಯನ್ನು ರಟ್ಟಿನ ಹಾಗೆ ಗಂಜಿ ಹಾಕಿ ತೊಡುವ ಕೇರಳದ ರಾಜಕಾರಣಿಗಳ ಬಗ್ಗೆ ಬೇರೆಯೇ ಪ್ರಬಂಧ ಬರೀಬೇಕು, ಈಗ ಬೇಡ.

ಈಗ ನನ್ನ ತಪ್ಪು. ಮೊದಲ ಸಲ ಅಜ್ಜಿಯನ್ನು ಕೇಳಿದಾಗ ನಾನು ಕೇಳಿದ್ದು, "ಇಸ್ತ್ರಿಪೆಟ್ಟಿಗೆಗೆ ಯಾವ ಮೇಣ ಹಚ್ತಿದ್ರಿ?" ಅಂತ. ಅವರು "ಮೇಣ ಗೀಣ ಎಂಥದ್ದೂ ಇಲ್ಲ" ಅಂದರು. ಟಿಪ್ಪಣಿಯಲ್ಲಿ ಬರೆದುಕೊಂಡೆ: ಈ ಪ್ರದೇಶದಲ್ಲಿ ಮೇಣ ಹಚ್ಚುವ ರೂಢಿ ಇರಲಿಲ್ಲ. ಇನ್ನೂ ಐದಾರು ಮನೆಗಳಲ್ಲಿ ಅದೇ ಪ್ರಶ್ನೆ, ಅದೇ ಉತ್ತರ. ಒಂದು ಕರಡೂ ಸಿದ್ಧವಾಯಿತು. ಮುಂದಿನ ವರ್ಷ ಫೋಟೊ ತೆಗೆಯೋಕೆ ಅಂತ ಪೆಟ್ಟಿಗೆಗೆ ಕೆಂಡ ತುಂಬಿಸಿದಾಗ (ಕಾಫಿ ಕಟ್ಟಿಗೆಯ ಕೆಂಡ, ತೆಂಗಿನ ಚಿಪ್ಪಿನದು ಸಿಕ್ಕರೆ ಇನ್ನೂ ಒಳ್ಳೇದು ಅಂದರು) ಅಜ್ಜಿ ಹಿತ್ತಲಿಗೆ ಹೋಗಿ ಬಾಳೆಎಲೆಯ ಒಂದು ಸೀಳು ತಂದರು. ಅದನ್ನು ಮಗುಚಿ ಹಾಕಿದರು. ಪೆಟ್ಟಿಗೆಯನ್ನು ಅದರ ಮೇಲೆ ಎರಡು ಸಲ ಎಳೆದರು, ಚುಂಯ್ ಅಂತ ಸದ್ದು ಬಂತು, ಹಳೇ ಬಟ್ಟೆಯ ಮೇಲೆ ಒಮ್ಮೆ ಒರೆಸಿ ಪಂಚೆಗೆ ಇಟ್ಟರು. ಇದನ್ನ ಯಾಕೆ ಹೇಳಲಿಲ್ಲ ಅಂದೆ. "ನೀನು ಕೇಳಿದ್ದು ಮೇಣ, ಇದು ಎಲೆ" ಅಂದರು.

ಆ "ಮಗುಚಿ ಹಾಕಿದರು" ಅನ್ನೋದನ್ನ ಗಮನಿಸಿ. ಬಾಳೆಎಲೆಯ ಕೆಳಬದಿ ನೋಡಿದರೆ ಬೂದುಬಿಳಿ ಪುಡಿ ಬಳಿದ ಹಾಗಿರುತ್ತೆ, ಬೆರಳಿಟ್ಟರೆ ಅಂಟುತ್ತೆ. ಅದು ಮೇಣ. ಎಲೆ ತನ್ನ ನೀರು ಆರದಂತೆ ಹೊದ್ದುಕೊಳ್ಳುವ ಮೇಣ. ಜಾವಾದಲ್ಲಿ ಬಾಳೆಯ ಎಲೆಗಳಿಂದಲೇ ಮೇಣ ತೆಗೆಯುತ್ತಿದ್ದರು, ಪಿಸಾಂಗ್ ಮೇಣ ಅಂತ ಅದಕ್ಕೆ ಹೆಸರು. ಪಿಸಾಂಗ್ ಅಂದರೆ ಅಲ್ಲಿನ ಭಾಷೆಯಲ್ಲಿ ಬಾಳೆ. ಜೇನುಮೇಣ ಕರಗೋದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ. ಬಾಳೆಯ ಮೇಣ 80ರ ಆಸುಪಾಸು. ಕಾರು, ಬೂಟುಗಳ ಪಾಲಿಶಿಗೆ ಹಾಕುವ ಬ್ರೆಜಿಲ್‌ನ ಕಾರ್ನೌಬಾ ಕೂಡ ತಾಳೆ ಜಾತಿಯ ಮರದ ಎಲೆಯ ಮೇಣವೇ, ಅದು ಇನ್ನೂ ಸ್ವಲ್ಪ ಹೆಚ್ಚಿನ ಕಾವಿಗೆ ಕರಗುತ್ತೆ. ಹೆಚ್ಚು ಕಾವಿಗೆ ಕರಗುವ ಮೇಣ ಆರಿದಾಗ ಗಟ್ಟಿ, ಜಿಡ್ಡು ಕಡಿಮೆ, ಬಟ್ಟೆಗೆ ಕಲೆ ಹತ್ತೋದೂ ಕಡಿಮೆ. ಅಂದರೆ ನನ್ನ ಅಜ್ಜಿಯ ಹಿತ್ತಲಲ್ಲಿದ್ದದ್ದು ಅಮೆರಿಕದ ಪ್ಯಾಡಿಗೆ ಬಡವರ ಬದಲಿ ಅಂತ ನಾನು ಒಪ್ಪೋದಿಲ್ಲ. ಕೆಲವು ಲೆಕ್ಕದಲ್ಲಿ ಅದೇ ಮೇಲು. ಎಲೆಯ ನೀರು ಆವಿಯಾಗಿ ಬೂದಿ, ಕಿಲುಬನ್ನು ಎತ್ತುತ್ತೆ, ಮೇಣ ಲೇಪವಾಗುತ್ತೆ, ಚುಂಯ್ ಅನ್ನೋ ಸದ್ದು ಕಾವು ಎಷ್ಟಿದೆ ಅಂತ ಹೇಳುತ್ತೆ. ಮೂರು ಕೆಲಸ, ಎರಡು ಎಳೆತ.

ನಾನೂ ಎರಡೂ ಬದಿಯಲ್ಲಿ ಎಳೆದು ನೋಡಿದೆ. ಪ್ರಯೋಗ ಅನ್ನುವಷ್ಟು ದೊಡ್ಡದೇನಲ್ಲ. ಮೇಲುಬದಿಯಲ್ಲಿ ಎಳೆದಾಗ ಆವಿ ಬಂತು, ಗಂಜಿ ಬಟ್ಟೆ ಮಾತ್ರ ಹಿಡಿದು ಹಿಡಿದು ಬಿಟ್ಟಿತು. ಬೆನ್ನಿನ ಮೇಲೆ ಎಳೆದಾಗ ಜಾರಿತು. ಇದೇ ತಿಳಿವಳಿಕೆ ಅಡುಗೆಮನೆಯಲ್ಲೂ ಇದೆ. ಕೇರಳದ ಪೊದಿಚೋರು, ಅಂದರೆ ಕಟ್ಟಿಕೊಂಡು ಹೋಗುವ ಬುತ್ತಿ, ಅದರ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸುವಾಗ ಎಲೆ ಥಟ್ಟನೆ ಹೊಳೆಯುತ್ತಲ್ಲ, ಅದೂ ಕರಗಿದ ಮೇಣದ ಹೊಳಪು. ಈ ಉಪಾಯ ಬರೀ ವಯನಾಡಿನದೂ ಅಲ್ಲ. ಫಿಲಿಪ್ಪೀನ್ಸ್‌ನಲ್ಲಿ ಇದ್ದಿಲ ಇಸ್ತ್ರಿಗೆ ಬಾಳೆಎಲೆ ಬಳಸಿದ್ದು ಬಹಳ ಜನಕ್ಕೆ ಇನ್ನೂ ನೆನಪಿದೆ.

ಭಾಷೆಯಲ್ಲೂ ಒಂದು ಸುಳಿವಿದೆ. ನಮ್ಮ ಇಸ್ತ್ರಿ ಪೋರ್ಚುಗೀಸರ ಎಸ್ತಿರಾರ್‌ನಿಂದ ಬಂದದ್ದು ಅಂತ ಸಾಮಾನ್ಯವಾಗಿ ಹೇಳ್ತಾರೆ, ಎಳೆದು ಚಾಚು ಅನ್ನೋ ಅರ್ಥ. ಮಲಯಾಳದಲ್ಲಿ ಇಸ್ತಿರಿ ಜೊತೆಗೆ ಇನ್ನೊಂದು ಪದ ಇದೆ, ತೇಪ್ಪುಪೆಟ್ಟಿ. ತೇಕ್ಕುಕ ಅಂದರೆ ಉಜ್ಜು, ಬಳಿ. ಮೈಗೆ ಎಣ್ಣೆ ಹಚ್ಚೋದೂ ತೇಕ್ಕುಕ, ಬಟ್ಟೆಗೆ ಇಸ್ತ್ರಿ ಹಾಕೋದೂ ತೇಕ್ಕುಕ. ನಮ್ಮ ತೇಯು ಅದರ ಒಡಹುಟ್ಟು. (ಈಗಿನ ಹುಡುಗರ ಮಲಯಾಳದಲ್ಲಿ ತೇಪ್ಪು ಅಂದರೆ ಪ್ರೀತಿಯಲ್ಲಿ ಕೈಕೊಡೋದು. ಅದಕ್ಕೂ ನಮ್ಮ ವಿಷಯಕ್ಕೂ ಸಂಬಂಧ ಇಲ್ಲ.) ಆ ಪದದಿಂದಲೇ ಎಲೆಯ ರೂಢಿ ಸಾಬೀತಾಯಿತು ಅಂತ ನಾನು ವಾದ ಮಾಡಲ್ಲ. ಆದರೆ "ಹಚ್ಚುವುದು" ಮತ್ತು "ಇಸ್ತ್ರಿ ಮಾಡುವುದು" ಒಂದೇ ಕ್ರಿಯಾಪದದಲ್ಲಿ ಇರುವ ಭಾಷೆಯಲ್ಲಿ, ಹಚ್ಚುವ ಸಾಧನಕ್ಕೆ ಪ್ರತ್ಯೇಕ ನಾಮಪದ ಹುಟ್ಟದೇ ಹೋದದ್ದು ನನಗೆ ಆಶ್ಚರ್ಯ ಅನ್ನಿಸೋದಿಲ್ಲ. ನಾನು ನಾಮಪದ ಕೇಳಿಕೊಂಡು ಮನೆಮನೆ ಅಲೆದೆ, ಅವರ ಹತ್ತಿರ ಇದ್ದದ್ದು ಕ್ರಿಯಾಪದ.

ಇದರ ಪರಿಣಾಮ ನಮ್ಮ ಆಕರಗಳ ಮೇಲೂ ಆಗುತ್ತೆ. ಅಂಬಲವಯಲ್‌ನ ಪರಂಪರೆಯ ವಸ್ತುಸಂಗ್ರಹಾಲಯದಲ್ಲಿ ಜೀವನಸ್ಮೃತಿ ಅನ್ನುವ ವಿಭಾಗವೇ ಇದೆ. ಇಸ್ತ್ರಿಪೆಟ್ಟಿಗೆಯನ್ನ ಅಂಥ ಕಪಾಟಿನಲ್ಲಿ ಇಡಬಹುದು. ಎಲೆ ಸಂಜೆಯೊಳಗೆ ಗೊಬ್ಬರದ ಗುಂಡಿ ಸೇರುತ್ತೆ. ಪೇಟೆಂಟ್ ದಾಖಲೆ, ಅಂಗಡಿ ಕ್ಯಾಟಲಾಗ್, ಜಾಹೀರಾತು ಇಟ್ಟುಕೊಂಡು ಮನೆಬಳಕೆಯ ಉಪಕರಣಗಳ ಚರಿತ್ರೆ ಬರೆದರೆ ಅಯೋವಾದ ಹೆಂಗಸಿಗೆ ಒಂದು ಅಧ್ಯಾಯ ಸಿಗುತ್ತೆ, ವಣ್ಣಾತ್ತಿಗೆ ಅಡಿಟಿಪ್ಪಣಿಯೂ ಸಿಗಲ್ಲ. ನನ್ನ ಮೊದಲ ಕರಡು ಅದನ್ನೇ ಮಾಡಿತ್ತು, ಅದೂ ಕ್ಷೇತ್ರಕಾರ್ಯದ ಹೆಸರಿನಲ್ಲಿ.

ಪ್ರಶ್ನೆಗಳಿಗೆ ಬರೋಣ. ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ಹಿತ್ತಾಳೆ ಪೆಟ್ಟಿಗೆಗೂ ಎಲೆ ಬೇಕಿತ್ತಾ? ಬೇಕಿತ್ತು. ಹಿತ್ತಾಳೆಗೆ ಕಬ್ಬಿಣದ ಹಾಗೆ ತುಕ್ಕು ಹಿಡಿಯಲ್ಲ, ಆದರೆ ಗಂಜಿ ಎರಡಕ್ಕೂ ಅಂಟುತ್ತೆ. ರೂಢಿ ಬಿಟ್ಟದ್ದು ಪಾಲಿಯೆಸ್ಟರ್ ಬಂದಾಗ, ಗಂಜಿ ಹಾಕೋದೇ ಕಡಿಮೆಯಾದಾಗ. ಆಮೇಲೆ ಬಟ್ಟೆ ಅಂಟದ ಲೇಪವಿರುವ ವಿದ್ಯುತ್ ಇಸ್ತ್ರಿ ಬಂತು. ದಯವಿಟ್ಟು ಅದನ್ನು ಬಾಳೆಎಲೆ ಮೇಲೆ ಎಳೀಬೇಡಿ.

ಇನ್ನೊಂದು ಪ್ರಶ್ನೆ, ಚಿತ್ರದಲ್ಲಿ ಅಡಿಯ ಒಂದು ಮೂಲೆ ಹೆಚ್ಚು ಸವೆದಿದೆ, ಬಲಗೈಯವರು ಬಳಸಿದ್ದರ ಗುರುತಾ ಅಂತ. ಒಳ್ಳೆಯ ಗಮನ. ಆದರೆ ಅದನ್ನ ಸಾಕ್ಷ್ಯ ಅಂತ ತಗೋಬೇಡಿ. ಕಳೆದ ಕೆಲವು ವರ್ಷದಿಂದ ಆ ಪೆಟ್ಟಿಗೆಯನ್ನ ಹಿಂಬಾಗಿಲು ಗಾಳಿಗೆ ಬಡಿಯದ ಹಾಗೆ ಅಡ್ಡ ಇಡ್ತಾ ಇದ್ದಾರೆ, ಸಿಮೆಂಟ್ ನೆಲಕ್ಕೆ ತಿಕ್ಕಿ ತಿಕ್ಕಿ ಆ ಮೂಲೆ ಸವೆದಿದೆ.