ಬಳ್ಳಾರಿ ಕಲೆಕ್ಟರನ ವರದಿಯಲ್ಲಿ ಬೆತ್ತದ ಲೆಕ್ಕ

ಗುಂತಕಲ್‌ನಿಂದ ರಾಯಚೂರಿಗೆ ಹೋಗುವ ರೈಲು ಆದೋನಿ ದಾಟಿದ ಮೇಲೆ ಕೋಸಗಿ ಎಂಬ ಊರು ಬರುತ್ತದೆ. ಇಂದು ಅದು ಆಂಧ್ರದಲ್ಲಿದೆ. 1953ರವರೆಗೆ ಆದೋನಿ ತಾಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಬಳ್ಳಾರಿಯೂ ನಮ್ಮ ಕರಾವಳಿಯೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. 1799ರಲ್ಲಿ ಕೆನರಾಕ್ಕೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಮರುವರ್ಷವೇ ಆ ಸೀಮೆಗೆ ವರ್ಗವಾಗಿ ಹೋದ.

ಇದೇ ಮನ್ರೋ ಗವರ್ನರ್ ಆದ ಮೇಲೆ, 1822ರಲ್ಲಿ, ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. ಇಲ್ಲಿ ಕಾಯಂ ಶಾಲೆಗಳಿಲ್ಲ, ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ, ಪಟ್ಟಿ ಮಾಡಿ ಪ್ರಯೋಜನವಿಲ್ಲ ಎಂಬರ್ಥದಲ್ಲಿ ಕೆನರಾದ ಕಲೆಕ್ಟರ್ ಉತ್ತರ ಬರೆದ. ಹೀಗಾಗಿ ನಮ್ಮ ಹಿರಿಯರು ಮನೆಯಲ್ಲಿ, ಪಳ್ಳಿಯಲ್ಲಿ ಕಲಿತದ್ದು ಆ ಪಟ್ಟಿಗೆ ಸೇರಲೇ ಇಲ್ಲ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್‌ನಲ್ಲಿ ವಿವರವಾದ ವರದಿ ಕಳಿಸಿದ. ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಪರ್ಷಿಯನ್ ಕಲಿಸುವವು 21. ಕಲಿಯುವವರು 6,641 ಮಂದಿ. ಅವರಲ್ಲಿ ಮುಸ್ಲಿಮರು 243, ಹೆಣ್ಣುಮಕ್ಕಳು ಬರೇ 60.

ಈ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಶಿಕ್ಷೆಯ ಭಾಗ. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಅಂದರೆ ಹತ್ತನೆಯವನಿಗೆ ಎಂಟು ಪೆಟ್ಟು. ಸೋಮಾರಿ ಹುಡುಗನಿಗೆ ಬೆತ್ತದ ಏಟು, ಕೈ ಕಟ್ಟಿ ರಾಟೆಯಿಂದ ಮಾಡಿಗೆ ನೇತುಹಾಕುವುದು, ಬಸ್ಕಿ. ಈ ಬಸ್ಕಿ ತುಂಬಾ ನೋವಿನದ್ದು, ಆದರೆ ಆರೋಗ್ಯಕ್ಕೆ ಒಳ್ಳೆಯದಿರಬಹುದು ಎಂದೂ ಕಲೆಕ್ಟರ್ ಸೇರಿಸಿದ್ದಾನೆ.

ಹತ್ತನೆಯವನು ಯಾಕೆ ತಡವಾಗಿ ಬಂದ? ದನ ಕಟ್ಟಿ ಬಂದನೋ, ದೂರದಿಂದ ನಡೆದು ಬಂದನೋ? ಪೆಟ್ಟಿನ ಲೆಕ್ಕದಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ. ತಪ್ಪು ಎಂದರೆ ಮಗುವಿನದ್ದು ಮಾತ್ರ, ಮಾಷ್ಟ್ರ ಕೈ ಮಾಡಿದ್ದೆಲ್ಲ ಶಿಸ್ತು. ಈ ನಂಬಿಕೆ ನಮ್ಮ ಮನೆಗಳಲ್ಲೂ ಇತ್ತು. "ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ಹೊಡೆಯಿರಿ" ಎಂದು ಹೇಳಿ ಮಗನನ್ನು ಒಪ್ಪಿಸಿ ಬರುವ ಬಾಪಂದಿರ ಮಾತು ಕೇಳಿಯೇ ನಾನು ಬೆಳೆದೆ.

ಈ ಲೆಕ್ಕ ತಿರುಗಿದ್ದು ತೀರಾ ಇತ್ತೀಚೆಗೆ. ಆಂಧ್ರಪ್ರದೇಶ ಶಾಲೆಗಳಲ್ಲಿ ಹೊಡೆಯುವುದನ್ನು 2002ರಲ್ಲಿ ನಿಷೇಧಿಸಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಏಟನ್ನೂ ಮಾನಸಿಕ ಕಿರುಕುಳವನ್ನೂ ಶಿಕ್ಷಕರ ದುರ್ನಡತೆ ಎಂದು ಎಣಿಸಿ, ಅದಕ್ಕೆ ಶಿಸ್ತುಕ್ರಮ ಇಟ್ಟಿತು. ಬೆತ್ತ ಇಲ್ಲದಿದ್ದರೆ ಮಕ್ಕಳು ಕೆಡುತ್ತಾರೆ ಎನ್ನುವವರು ಅದೇ ವರದಿಯ ಇನ್ನೊಂದು ಪುಟ ಓದಬೇಕು. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದಾನೆ. ಅದನ್ನು ಇಂಗ್ಲೆಂಡ್ ನಮ್ಮಿಂದ ಕಲಿಯಿತು ಎಂದೂ ಬರೆದಿದ್ದಾನೆ. ತರಗತಿಯಲ್ಲಿ ತಂಟೆ ಮಾಡುವ ಹುಡುಗನಿಗೆ ಒಂದು ಜವಾಬ್ದಾರಿ ಕೊಟ್ಟು ದಾರಿಗೆ ತರುವ ಉಪಾಯ ನಮ್ಮ ಹಳೆಯ ಜಗಲಿ ಶಾಲೆಯಲ್ಲೇ ಇತ್ತು.

ಆದರೆ ಕಾನೂನಿನಲ್ಲಿ ಎರಡು ತೂತುಗಳಿವೆ, ಎರಡೂ ನಮಗೆ ಸಂಬಂಧಿಸಿದವು. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಹೈಸ್ಕೂಲಿನ ಹದಿನೈದರ ಹುಡುಗ, ಹುಡುಗಿ ಅದರ ಹೊರಗೆ. 2012ರ ತಿದ್ದುಪಡಿಯ ಪ್ರಕಾರ ಮದ್ರಸಗಳಿಗೂ ವೇದ ಪಾಠಶಾಲೆಗಳಿಗೂ ಆ ಕಾಯ್ದೆ ಅನ್ವಯಿಸುವುದಿಲ್ಲ. ಆದ್ದರಿಂದ ಈ ಎರಡು ಕಡೆ ಹೆತ್ತವರ ಕಣ್ಣೇ ಮೊದಲ ಕಾವಲು.

ಏಟಿಗಿಂತ ಕೆಟ್ಟದ್ದು ನಡೆದಾಗ ಮಾತ್ರ ಕಾನೂನಿನಲ್ಲಿ ತೂತಿಲ್ಲ. ಅದೇ 2012ರ ಪೋಕ್ಸೋ ಕಾಯ್ದೆ 18ರ ಒಳಗಿನ ಎಲ್ಲ ಮಕ್ಕಳಿಗೂ ಅನ್ವಯ, ಶಾಲೆಯಾಗಲಿ ಮದ್ರಸವಾಗಲಿ. ಅಂಥ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಅದೂ ಅಪರಾಧ. ತನ್ನ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು. "ಮಾನ ಹೋಗುತ್ತದೆ" ಎಂದು ಕಮಿಟಿಯ ಕೋಣೆಯಲ್ಲಿ ರಾಜಿ ಮಾಡಿ ಮುಗಿಸುವುದಕ್ಕೆ ಇಲ್ಲಿ ಜಾಗವಿಲ್ಲ. ಮಾನ ಹೋಗುವುದು ತಪ್ಪು ಮಾಡಿದವನದ್ದು, ಮಗುವಿನದ್ದಲ್ಲ.

ಮಗ ಇದ್ದಕ್ಕಿದ್ದಂತೆ ಶಾಲೆಗೆ ಒಲ್ಲೆ ಎಂದರೆ, ಮಗಳು ಒಂದು ಕ್ಲಾಸಿನ ಹೆಸರೆತ್ತಿದರೆ ಮೌನವಾದರೆ, ಬೈಯುವ ಮೊದಲು ಕೂರಿಸಿ ಕೇಳಿ. ಮಕ್ಕಳ ಸಹಾಯವಾಣಿ 1098 ನಂಬರನ್ನು ಅವರಿಗೂ ಕಲಿಸಿ. ಹತ್ತನೆಯವನಾಗಿ ಬಂದ ಹುಡುಗನನ್ನು 1823ರಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನಾವಾದರೂ ಕೇಳಬೇಕು: "ಏನಾಯ್ತು ಮಗಾ?"