ಹಿಂದಿನ ಸಾಲಿನ ದನಿ

ನಮ್ಮ ಕಚೇರಿಗಳಲ್ಲಿ ತಂಬೂರಿ ಮೀಟಿದವರ ಹೆಸರನ್ನು ವಿಚಾರಿಸುವವರು ವಿರಳ. ಜಾಝ್ ಸಂಗೀತದಲ್ಲಿ ಡಬಲ್ ಬೇಸ್ ವಾದಕನ ಪಾಡೂ ಬಹುಕಾಲ ಹೆಚ್ಚು ಕಡಿಮೆ ಹೀಗೆಯೇ ಇತ್ತು. ಆಳೆತ್ತರದ ಆ ತಂತಿವಾದ್ಯವನ್ನು ತಬ್ಬಿ ನಿಂತು, ಬೆರಳಿನಿಂದ ಮೀಟುತ್ತ, ಲಯವನ್ನೂ ಸ್ವರದ ತಳಹದಿಯನ್ನೂ ಕಾಯುವುದು ಅವನ ಕೆಲಸ. ಮುಂದೆ ನಿಂತು ಮಾತನಾಡುವ ಹಕ್ಕು ಟ್ರಂಪೆಟ್, ಸ್ಯಾಕ್ಸೊಫೋನುಗಳದು. ಆ ಹಿಂದಿನ ಸಾಲಿನಿಂದಲೇ ಮೇಳವನ್ನು ನಡೆಸಿದ ಚಾರ್ಲ್ಸ್ ಮಿಂಗಸ್‌ನನ್ನು ಕುರಿತು ನಾನಿಲ್ಲಿ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಮಿಂಗಸ್ ಹುಟ್ಟಿದ್ದು 1922ರಲ್ಲಿ, ಅಮೆರಿಕದ ಅರಿಜೋನಾ ಸಂಸ್ಥಾನದ ನೊಗಾಲೆಸ್‌ನಲ್ಲಿ. ಬೆಳೆದದ್ದು ಲಾಸ್ ಏಂಜಲೀಸ್‌ನಲ್ಲಿ. ಬಾಲ್ಯದಲ್ಲಿ ಅವನು ಕಲಿತದ್ದು ಚೆಲ್ಲೊ. ಆದರೆ ಆಗ ಸಿಂಫನಿ ವೃಂದಗಳ ಬಾಗಿಲು ಕಪ್ಪು ಜನರಿಗೆ ಮುಚ್ಚಿತ್ತು. ಗೆಳೆಯ ಬಡ್ಡಿ ಕೊಲೆಟ್‌ನ ಸಲಹೆಯಂತೆ ಅವನು ಬೇಸ್ ಹಿಡಿದ. ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್‌ನಲ್ಲಿ ನುಡಿಸಿದ್ದ ಗುರುವೊಬ್ಬರ ಬಳಿ ಐದು ವರ್ಷ ಅಭ್ಯಾಸ ಮಾಡಿದ.

1953ರ ಮೇ ತಿಂಗಳಲ್ಲಿ ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ, ಬಡ್ ಪೊವೆಲ್, ಮ್ಯಾಕ್ಸ್ ರೋಚ್ ಅವರೊಡನೆ ಮಿಂಗಸ್ ನುಡಿಸಿದ. ಧ್ವನಿಮುದ್ರಣವನ್ನು ಕೇಳಿದಾಗ ಅವನ ಬೇಸ್ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಅವನು ಸುಮ್ಮನಾಗಲಿಲ್ಲ; ತನ್ನ ಭಾಗವನ್ನು ಮತ್ತೆ ನುಡಿಸಿ ಸೇರಿಸಿದ. ರೋಚ್ ಜೊತೆಗೂಡಿ ತಾನೇ ಸ್ಥಾಪಿಸಿದ್ದ ಡೆಬ್ಯೂ ಸಂಸ್ಥೆಯಿಂದ ಅದನ್ನು ಹೊರತಂದ. ಅವನ ಬಾಳಿನ ಸ್ವರೂಪವೇ ಈ ಘಟನೆಯಲ್ಲಿದೆಯೆಂದು ನನಗೆ ತೋರುತ್ತದೆ.

1957ರಲ್ಲಿ ಅರ್ಕಾನ್ಸಾದ ಗವರ್ನರ್ ಫಾಬಸ್, ಒಂಬತ್ತು ಕಪ್ಪು ವಿದ್ಯಾರ್ಥಿಗಳು ಲಿಟಲ್ ರಾಕ್‌ನ ಶಾಲೆಗೆ ಕಾಲಿಡದಂತೆ ಸೈನಿಕರನ್ನು ನಿಲ್ಲಿಸಿದ. ಮಿಂಗಸ್ ಆ ಗವರ್ನರನನ್ನು ಗೇಲಿಮಾಡಿ 'ಫೇಬಲ್ಸ್ ಆಫ್ ಫಾಬಸ್' ರಚಿಸಿದ. 1959ರಲ್ಲಿ ಕೊಲಂಬಿಯಾ ಸಂಸ್ಥೆಯ ತಟ್ಟೆಯಲ್ಲಿ ಅದು ಬರಿಯ ವಾದ್ಯಸಂಗೀತವಾಗಿ ಬಂತು. ಮರುವರ್ಷ ಕ್ಯಾಂಡಿಡ್ ಎಂಬ ಸಣ್ಣ ಸಂಸ್ಥೆಗಾಗಿ ಅವನು ಅದನ್ನು ಮಾತುಗಳೊಡನೆಯೇ ಮುದ್ರಿಸಿದ. ಮೊದಲನೆಯದರಲ್ಲೂ ಕುಂಟುತ್ತ, ಅಣಕಿಸುತ್ತ ಸಾಗುವ ರಾಗವೇ ಹೇಳಬೇಕಾದುದನ್ನು ಹೇಳಿಬಿಟ್ಟಿತ್ತೆಂಬುದು ಬೇರೆ ಮಾತು.

ಅವನು ಸಾಧುವಲ್ಲ. 1962ರಲ್ಲಿ ತನ್ನ ಟ್ರಾಂಬೋನ್ ವಾದಕ ಜಿಮ್ಮಿ ನೆಪ್ಪರ್‌ನ ಬಾಯಿಗೆ ಗುದ್ದಿ ಹಲ್ಲು ಮುರಿದ. ಊದುವವನಿಗೆ ಬಾಯೇ ಜೀವನ. ಅನ್ಯಾಯವನ್ನು ಕಂಡು ಸಿಡಿದ ಅದೇ ಕೋಪ ಆಪ್ತರನ್ನೂ ಸುಟ್ಟಿತೆಂಬುದನ್ನು ಮರೆಮಾಚಿ ಅವನನ್ನು ಹೊಗಳುವುದು ಸಲ್ಲದು.

ಕೊನೆಗೆ ನರಗಳನ್ನು ತಿನ್ನುವ ಕಾಯಿಲೆ ಬಂದು ಬೆರಳುಗಳು ನಿಂತವು. ಆಗಲೂ ಅವನು ಟೇಪ್ ರೆಕಾರ್ಡರಿನ ಮುಂದೆ ಗುನುಗುತ್ತ ಹೊಸ ಕೃತಿಗಳನ್ನು ಕಟ್ಟಿದ. 1979ರ ಜನವರಿ 5ರಂದು, ಮೆಕ್ಸಿಕೋದಲ್ಲಿ, 56ನೆಯ ವಯಸ್ಸಿಗೆ ತೀರಿಕೊಂಡ. ಪತ್ನಿ ಸೂ ಅವನ ಚಿತಾಭಸ್ಮವನ್ನು ನಮ್ಮ ಗಂಗೆಯಲ್ಲಿ ಬಿಟ್ಟಳು.

ಅವನ ಸಾವಿನ ನಂತರ 4,000ಕ್ಕೂ ಹೆಚ್ಚು ಆವರ್ತಗಳ 'ಎಪಿಟಾಫ್' ಎಂಬ ಕೃತಿಯ ಹಸ್ತಪ್ರತಿ ದೊರೆಯಿತು. 1989ರಲ್ಲಿ ನ್ಯೂಯಾರ್ಕಿನಲ್ಲಿ ಗುಂಥರ್ ಶುಲ್ಲರ್ ನಿರ್ದೇಶನದಲ್ಲಿ 30 ಮಂದಿ ಎರಡು ಗಂಟೆಗೂ ಮಿಕ್ಕಿ ಅದನ್ನು ನುಡಿಸಿದರು. ಚೆಲ್ಲೊ ಹಿಡಿದ ಹುಡುಗನನ್ನು ಒಳಗೆ ಬಿಡದ ಲೋಕ, ಅವನಿಲ್ಲದಾಗ ಅವನ ಬರಹವನ್ನು ಮುಂದಿಟ್ಟುಕೊಂಡು ಕುಳಿತಿತ್ತು.